ಎಲ್ಲವೂ ಹೊಸದಾಗಿ ಕಾಣುವ ಹಳೇ ದಾಖಲೆಗಳು

ಸಾಫ್ಟ್‌ವೇರ್ ಕಂಪನಿಯ ಹಳೇ ಡಾಕ್ಯುಮೆಂಟೇಶನ್ (ಸಿಸ್ಟಮ್‌ಗಳ ಕೈಪಿಡಿ, ಸೂಚನೆಗಳ ರಾಶಿ) ಅಂದರೆ ಏನು ಅಂತ ಅದಕ್ಕೆ ಕೈ ಹಾಕಿದವರಿಗೇ ಗೊತ್ತು. ಶೇರ್ಡ್ ಡ್ರೈವ್‌ನ ಯಾವುದೋ ಮೂಲೆಯಲ್ಲಿ ಒಂದಷ್ಟು ವರ್ಡ್ ಫೈಲುಗಳು. ಇನ್ನೊಂದಷ್ಟು ಪಿಡಿಎಫ್‌ಗಳು, ಅವುಗಳ ಮೂಲ ಫೈಲ್ ಯಾರ ಹತ್ತಿರವೂ ಇಲ್ಲ. ಒಂದು ವಿಕಿ, ಅದಕ್ಕೂ ಮುಂಚಿನ ಇನ್ನೊಂದು ವಿಕಿ. ಕೋಡ್ ಪಕ್ಕದಲ್ಲೇ ಕೂತ ರೀಡ್‌ಮಿ ಫೈಲುಗಳು. ಮೇಲಿಂದ ಒಂದು ದಿನ ಮಾತು ಬರುತ್ತದೆ: ಎಲ್ಲ ಒಂದೇ ಕಡೆ ಬರಲಿ, ಈಗ ಎಐ ಇದೆಯಲ್ಲ, ಬೇಗ ಆಗಿಬಿಡುತ್ತೆ.

ಬೇಗ ಆಗುತ್ತದೆ ಅನ್ನುವುದು ನಿಜ. ನನ್ನ ತಕರಾರು ಶುರುವಾಗುವುದೂ ಅಲ್ಲೇ. ಮನೆ ಬದಲಿಸುವಾಗ ಗಂಟುಮೂಟೆ ಹೊರಬೇಕಲ್ಲ ಅನ್ನುವ ಕಾರಣಕ್ಕೇ ನಾವು ಅರ್ಧ ಸಾಮಾನು ಬಿಸಾಕುತ್ತೇವೆ. ಹೊರುವವರು ಪುಕ್ಕಟೆ ಸಿಕ್ಕರೆ ಅಟ್ಟದ ಮೇಲಿನ ಮುರಿದ ಕುರ್ಚಿಯೂ ಹೊಸ ಮನೆಗೆ ಬರುತ್ತದೆ. ದಾಖಲೆಗಳದ್ದೂ ಇದೇ ಕತೆ. ಒಂದು ಪುಟವನ್ನು ಕೈಯಾರೆ ಹೊಸ ಜಾಗಕ್ಕೆ ಸಾಗಿಸಬೇಕಿದ್ದಾಗ ಯಾರಾದರೂ ಅದನ್ನು ಓದಲೇಬೇಕಿತ್ತು. ಓದುವಾಗ ‘ಇದು ಈಗಲೂ ಹೀಗೇ ಇದೆಯಾ?’ ಅನ್ನುವ ಪ್ರಶ್ನೆ ತಾನಾಗಿ ಏಳುತ್ತಿತ್ತು. ಆ ಬೇಸರದ ಕೆಲಸದ ಒಳಗೇ ಒಂದು ತಪಾಸಣೆ ನಡೆದುಹೋಗುತ್ತಿತ್ತು. ಈಗ ಬೇಸರ ತಪ್ಪಿತು, ಜೊತೆಗೆ ತಪಾಸಣೆಯೂ ತಪ್ಪಿತು.

ಇಷ್ಟೊಂದು ಬಗೆಯ ಫೈಲುಗಳು ಯಾಕೆ ಹುಟ್ಟಿದವು ಅಂತ ಹಳಬರನ್ನು ಬೈಯುವುದು ಸುಲಭ. ಆದರೆ ಒಂದೊಂದು ಕಾಲಕ್ಕೆ ಒಂದೊಂದು ಸರಿಯಾಗಿಯೇ ಇತ್ತು. ಪಿಡಿಎಫ್ ಬಂದದ್ದು 1993ರಲ್ಲಿ. ಎಲ್ಲಿ ತೆರೆದರೂ, ಯಾವ ಪ್ರಿಂಟರ್‌ಗೆ ಕೊಟ್ಟರೂ ಪುಟ ಒಂದೇ ಥರ ಕಾಣಬೇಕು ಅನ್ನುವುದು ಆಗಿನ ದೊಡ್ಡ ತಲೆನೋವು. ಯಾರು ಬೇಕಾದರೂ ತಿದ್ದಬಹುದಾದ ಪುಟ ಬೇಕು ಅನ್ನಿಸಿ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಹೊರಗೆ ಬಿಟ್ಟರು. 2004 ಇನ್ನೂ ಮಜಾ. ಸಾದಾ ಪಠ್ಯದಲ್ಲೇ ತಲೆಬರಹ, ಪಟ್ಟಿಗಳನ್ನು ಗುರುತು ಮಾಡುವ ಜಾನ್ ಗ್ರೂಬರ್ ಅವರ ಮಾರ್ಕ್‌ಡೌನ್ ಬಂದದ್ದು ಆ ವರ್ಷ. ಕಂಪನಿಗಳ ಒಳಗಿನ ವಿಕಿಯಾದ ಕಾನ್‌ಫ್ಲುಯೆನ್ಸ್ ಬಂದದ್ದೂ ಆಗಲೇ. ಕೈಪಿಡಿಗಳನ್ನು ವಿಷಯವಾರು ತುಂಡುಗಳಾಗಿ ಬರೆಯುವ ತನ್ನ ಡಿಟಾ ಪದ್ಧತಿಯನ್ನು ಐಬಿಎಂ ಓಯಾಸಿಸ್ ಎಂಬ ಮಾನದಂಡ ಸಂಸ್ಥೆಗೆ ಒಪ್ಪಿಸಿದ್ದೂ ಆ ವರ್ಷವೇ. ಒಂದೇ ಪ್ರಶ್ನೆಗೆ ಒಂದೇ ವರ್ಷ ಮೂರು ಉತ್ತರ. ಮೂರನ್ನೂ ಒಂದೇ ಕಂಪನಿಯೊಳಗೆ ಬೇರೆ ಬೇರೆ ತಂಡದವರು ಹಿಡಿದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಗೋಜಲಿನಲ್ಲಿ ಎಐ ನಿಜವಾಗಿಯೂ ಕೈ ಹಿಡಿಯುವ ಜಾಗಗಳಿವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಿಡಿಎಫ್ ಒಳಗೆ ಸಾಮಾನ್ಯವಾಗಿ ಪ್ಯಾರಾ ಅನ್ನುವುದೇ ಇರುವುದಿಲ್ಲ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಅನ್ನುವುದಷ್ಟೇ ಇರುತ್ತದೆ. ಎರಡು ಕಾಲಂ ಇರುವ ಪುಟದಿಂದ ಪಠ್ಯ ಎಳೆದರೆ ಎಡಗಡೆಯ ಅರ್ಧ ಸಾಲಿಗೆ ಬಲಗಡೆಯ ಅರ್ಧ ಸಾಲು ಅಂಟಿಕೊಂಡು ಬರುವುದು ಇದರಿಂದಲೇ. ಪುಟದ ಚಿತ್ರವನ್ನೇ ನೋಡಿ ಓದುವ ಎಐ ಮಾದರಿಗಳು ಇದನ್ನು ಹಳೇ ಸಲಕರಣೆಗಳಿಗಿಂತ ಎಷ್ಟೋ ಚೆನ್ನಾಗಿ ಬಿಡಿಸುತ್ತವೆ. ವರ್ಡ್ ಫೈಲುಗಳ ಕಾಟ ಬೇರೆ ಥರದ್ದು. ಹೆಡಿಂಗ್ ಸ್ಟೈಲ್ ಬಳಸದೆ, ಅಕ್ಷರ ದಪ್ಪ ಮಾಡಿ ಸೈಜ್ ಜಾಸ್ತಿ ಮಾಡಿ ತಲೆಬರಹ ಅನ್ನಿಸಿದವರೇ ಹೆಚ್ಚು. ಪ್ಯಾನ್‌ಡಾಕ್‌ನಂಥ ಪರಿವರ್ತಕಕ್ಕೆ ಅದು ದಪ್ಪ ಅಕ್ಷರದ ಒಂದು ಸಾಲು, ಅಷ್ಟೇ. ಅದು ತಲೆಬರಹ ಅಂತ ಊಹಿಸುವುದು ಎಐಗೆ ಲೀಲಾಜಾಲ.

ಇನ್ನೊಂದು ಸಣ್ಣ ಕಾಟ ಇದೆ. ಕಮ್ಯಾಂಡ್‌ಗಳಲ್ಲಿ ಎರಡು ಹೈಫನ್ ಒಟ್ಟಿಗೆ ಬರುತ್ತವಲ್ಲ, ವರ್ಡ್ ಅವನ್ನು ತಾನಾಗಿಯೇ ಒಂದು ಉದ್ದನೆಯ ಗೆರೆ ಮಾಡಿಬಿಡುತ್ತದೆ. ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಕಣ್ಣಿಗೆ ಚೆಂದ, ಟರ್ಮಿನಲ್‌ಗೆ ಅಂಟಿಸಿದರೆ ಎರರ್. ಇಂಥದ್ದನ್ನು ಹುಡುಕಿ ಸರಿ ಮಾಡು ಅಂದರೆ ಎಐ ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ.

ಆದರೆ ನಿಯಮ ಇರುವ ಕಡೆ ಊಹೆಗೆ ಕೆಲಸ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕನ್ನಡದ್ದೇ ನೋಡಿ. ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಎಐ ಮುಂದೆ ಸುರಿದು ‘ಓದಿ ಕನ್ನಡ ಮಾಡು’ ಅಂದರೆ ಸರಾಗವಾದ ಕನ್ನಡ ಬರಬಹುದು. ಮೂಲದಲ್ಲಿ ಇದ್ದದ್ದು ಅದೇ ಕನ್ನಡವಾ ಅನ್ನುವುದಕ್ಕೆ ಮಾತ್ರ ಗ್ಯಾರಂಟಿ ಇಲ್ಲ. ಯಾವ ಸಂಕೇತಕ್ಕೆ ಯಾವ ಅಕ್ಷರ ಅನ್ನುವ ಕೋಷ್ಟಕ ಇಟ್ಟುಕೊಂಡು ಬದಲಿಸುವ ಹಳೇ ಪರಿವರ್ತಕವೇ ಅಲ್ಲಿ ವಾಸಿ. ಅದು ತಪ್ಪಿದರೂ ಪ್ರತಿ ಸಲ ಒಂದೇ ಥರ ತಪ್ಪುತ್ತದೆ. ಒಮ್ಮೆ ಹಿಡಿದರೆ ಎಲ್ಲ ಕಡೆ ಸರಿ ಮಾಡಬಹುದು.

ಟೇಬಲ್‌ಗಳದ್ದು ಇದಕ್ಕಿಂತ ಸೂಕ್ಷ್ಮ. ವರ್ಡ್‌ನಲ್ಲಿ ನಾಲ್ಕು ಸಾಲಿಗೆ ಸೇರಿ ಒಂದೇ ಖಾನೆ ಇರಬಹುದು. ಮಾರ್ಕ್‌ಡೌನ್‌ನ ಸಾಮಾನ್ಯ ಟೇಬಲ್‌ನಲ್ಲಿ ಹಾಗೆ ಖಾನೆ ಸೇರಿಸಲು ಬರುವುದಿಲ್ಲ. ಹಾಗಾಗಿ ಪರಿವರ್ತನೆ ಆದಾಗ ಮೊದಲ ಸಾಲಿನಲ್ಲಷ್ಟೇ ಖಾನೆಯ ವಿಷಯ ಉಳಿದು ಕೆಳಗಿನ ಮೂರು ಸಾಲು ಖಾಲಿ ಆಗುತ್ತವೆ. ಎಐಗೆ ಕೊಟ್ಟರೆ ಖಾಲಿ ಜಾಗ ನೋಡಿ ಮೇಲಿನದನ್ನೇ ಕೆಳಗೂ ತುಂಬಿಸುತ್ತದೆ. ಹೆಚ್ಚಿನ ಸಲ ಅದು ಸರಿ. ಆದರೆ ಪಕ್ಕದ ಇನ್ನೊಂದು ಟೇಬಲ್‌ನಲ್ಲಿ ಖಾಲಿ ಖಾನೆ ಅಂದರೆ ‘ಇದಕ್ಕೆ ಅನ್ವಯಿಸುವುದಿಲ್ಲ’ ಅಂತ ಇರುತ್ತದೆ. ಅಲ್ಲೂ ಅದೇ ಉತ್ಸಾಹದಲ್ಲಿ ತುಂಬಿಬಿಟ್ಟರೆ, ಇಲ್ಲದ ಒಂದು ಮಿತಿ ಹೊಸ ಪುಟದಲ್ಲಿ ಹುಟ್ಟಿಕೊಂಡಿತು ಅಂತಲೇ ಲೆಕ್ಕ. ಪುಟ ನೋಡಿದವರಿಗೆ ಅನುಮಾನವೇ ಬರುವುದಿಲ್ಲ, ಯಾಕೆಂದರೆ ಟೇಬಲ್ ಪೂರ್ತಿ ತುಂಬಿದೆ.

ಇದಕ್ಕೆಲ್ಲ ನಾನು ನೆಚ್ಚಿಕೊಂಡ ಉಪಾಯ ಬಹಳ ಸರಳ. ಎಐಗೆ ಪಠ್ಯ ಕೊಡುವ ಮುಂಚೆ ಒಂದು ಸ್ಕ್ರಿಪ್ಟ್ ಓಡಿಸಿ ಎಲ್ಲ ಕಮ್ಯಾಂಡ್, ಕೋಡ್, ಲಿಂಕ್‌ಗಳನ್ನು ಹೊರಗೆ ತೆಗೆದಿಡುವುದು. ಆ ಜಾಗದಲ್ಲಿ ‘ಕೋಡ್ 1’, ‘ಕೋಡ್ 2’ ಅಂತ ಗುರುತು ಬಿಡುವುದು. ಪಠ್ಯ ವಾಪಸ್ ಬಂದ ಮೇಲೆ ಮೂಲದ ಕೋಡನ್ನೇ ಒಂದಕ್ಷರ ಬದಲಿಸದೆ ಮತ್ತೆ ಕೂರಿಸುವುದು. ಆಮೇಲೆ ಎಣಿಕೆ. ಮೂಲದಲ್ಲಿ ಎಷ್ಟು ತಲೆಬರಹ, ಎಷ್ಟು ಹೆಜ್ಜೆ, ಎಷ್ಟು ಎಚ್ಚರಿಕೆ, ಎಷ್ಟು ಚಿತ್ರ, ಹೊಸದರಲ್ಲಿ ಎಷ್ಟು. ಉದ್ದನೆಯ ಪುಟ ಕೊಟ್ಟಾಗ ಎಐ ಮಧ್ಯದಲ್ಲಿ ಎರಡು ಹೆಜ್ಜೆಯನ್ನು ಸದ್ದಿಲ್ಲದೆ ಒಂದು ಮಾಡಿಬಿಡುವುದುಂಟು. ಓದಿದರೆ ಗೊತ್ತಾಗದ್ದು ಎಣಿಸಿದರೆ ಗೊತ್ತಾಗುತ್ತದೆ. ಈ ಎಣಿಕೆಯನ್ನು ಎಐಗೇ ಹೇಳಬೇಡಿ, ಸುಮ್ನೆ ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು.

ಇಷ್ಟಾದರೂ ಇವೆಲ್ಲ ಸಾಗಾಣಿಕೆಯ ತೊಂದರೆಗಳು. ನನ್ನನ್ನು ಕಾಡುವುದು ಇನ್ನೊಂದು.

ಹಳೇ ಪುಟವೊಂದನ್ನು ತೆರೆದಾಗ ಅದು ಹಳೆಯದು ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಸ್ಕ್ರೀನ್‌ಶಾಟ್‌ನಲ್ಲಿ ಈಗಿಲ್ಲದ ಬಟನ್ ಇರುತ್ತದೆ. ಬರೆದ ಧಾಟಿ ಬೇರೆ. ‘ಸದ್ಯಕ್ಕೆ ಹೀಗೆ ಮಾಡಿ, ಮುಂದೆ ಬದಲಾಗಬಹುದು’ ಅಂತ ಮಧ್ಯದಲ್ಲೊಂದು ಸಾಲು. ‘ಇದು ನಾನು ಪೂರ್ತಿ ಟೆಸ್ಟ್ ಮಾಡಿಲ್ಲ’ ಅಂತ ಯಾರೋ ಆವರಣದೊಳಗೆ ಬರೆದಿರುತ್ತಾರೆ. ಕೆಳಗೆ ‘ಕೊನೆಯ ಬದಲಾವಣೆ’ ಅಂತ ಬಹಳ ವರ್ಷ ಹಿಂದಿನ ತಾರೀಖು. ಓದುವವರು ಇವನ್ನೆಲ್ಲ ಗಮನಿಸಿ, ಎಷ್ಟು ನಂಬಬೇಕು ಅಂತ ಒಳಗೇ ಒಂದು ಅಂದಾಜು ಹಾಕಿಕೊಳ್ಳುತ್ತಾರೆ. ಪುಟ ಕೊಳಕಾಗಿದ್ದರೂ ಅದು ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ.

ಈಗ ಎಐಗೆ ‘ಇದನ್ನು ನಮ್ಮ ಹೊಸ ಶೈಲಿಗೆ ತಂದು ಸ್ಪಷ್ಟವಾಗಿ ಬರೆ’ ಅನ್ನಿ. ಬರುವ ಪುಟ ಮುದ್ದಾಗಿರುತ್ತದೆ. ಒಂದೇ ಧಾಟಿ, ಕ್ರಮವಾದ ಹೆಜ್ಜೆಗಳು. ಅನುಮಾನದ ಸಾಲು ಹೋಗಿರುತ್ತದೆ, ಯಾಕೆಂದರೆ ಒಳ್ಳೆಯ ಕೈಪಿಡಿಯಲ್ಲಿ ಅಂಥ ಸಾಲು ಇರಬಾರದಲ್ಲ. ‘ಮಾಡಿದರೆ ಒಳ್ಳೆಯದು’ ಅಂತ ಇದ್ದದ್ದು ‘ಮಾಡಿ’ ಆಗಿರುತ್ತದೆ. ತಾಂತ್ರಿಕ ಬರಹದಲ್ಲಿ ಇದು ಸಣ್ಣ ವಿಷಯ ಅಲ್ಲ. ಕಡ್ಡಾಯ ಯಾವುದು, ಸಲಹೆ ಯಾವುದು, ಇಷ್ಟಕ್ಕೆ ಬಿಟ್ಟದ್ದು ಯಾವುದು ಅಂತ ಬೇರ್ಪಡಿಸಿ ಹೇಳುವುದಕ್ಕೇ ಇಂಟರ್‌ನೆಟ್ ಮಾನದಂಡ ಬರೆಯುವವರು 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪ್ರತ್ಯೇಕ ದಾಖಲೆ ಮಾಡಿದರು. ಆ ಮೂರು ಮೆಟ್ಟಿಲು ಸವೆದು ಒಂದೇ ಮಟ್ಟ ಆದರೆ ಓದುವವರಿಗೆ ಉಳಿಯುವುದೇನು? ಇದರ ಮೇಲೆ ಪುಟದ ತಾರೀಖೂ ಬದಲಾಗುತ್ತದೆ. ಸ್ಥಳಾಂತರ ಆದ ದಿನವೇ ಎಲ್ಲ ಪುಟಗಳ ‘ಕೊನೆಯ ಬದಲಾವಣೆ’. ಸತ್ತು ಹೋದ ಪುಟ, ನಿನ್ನೆ ಬರೆದ ಪುಟ, ಎರಡಕ್ಕೂ ಒಂದೇ ತಾರೀಖು, ಒಂದೇ ಧಾಟಿ.

ಒಂದು ಉದಾಹರಣೆ ಕೊಡುತ್ತೇನೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬ್ಯಾಕಪ್ ಬಗ್ಗೆ ಎರಡು ಪುಟಗಳಿವೆ ಅಂದುಕೊಳ್ಳಿ. ಹಳೇ ವಿಕಿಯಲ್ಲಿ ಬ್ಯಾಕಪ್ ತೆಗೆಯುವ ಪಿಜಿ-ಡಂಪ್ ಕಮ್ಯಾಂಡನ್ನು ಯಾವ ಆಯ್ಕೆಯೂ ಇಲ್ಲದೆ ಓಡಿಸುತ್ತಾರೆ. ಆಗ ಬರುವುದು ಸಾದಾ ಎಸ್‌ಕ್ಯುಎಲ್ ಪಠ್ಯ, ಅದನ್ನು ವಾಪಸ್ ತುಂಬಿಸುವುದು ಪಿಎಸ್‌ಕ್ಯುಎಲ್ ಎಂಬ ಇನ್ನೊಂದು ಕಮ್ಯಾಂಡ್ ಮೂಲಕ. ಆಮೇಲಿನ ಪಿಡಿಎಫ್‌ನಲ್ಲಿ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ (ಸಾದಾ ಪಠ್ಯವಲ್ಲದ, ಪೋಸ್ಟ್‌ಗ್ರೆಸ್‌ನದೇ ರೂಪ) ಬ್ಯಾಕಪ್ ತೆಗೆದು ಪಿಜಿ-ರಿಸ್ಟೋರ್‌ನಿಂದ ತುಂಬಿಸುತ್ತಾರೆ. ಎರಡೂ ಸರಿ. ಎರಡನ್ನೂ ಸೇರಿಸಿ ಒಂದು ಒಳ್ಳೆಯ ಪುಟ ಮಾಡು ಅಂದರೆ, ಬ್ಯಾಕಪ್ ತೆಗೆಯುವ ಭಾಗ ಒಂದರಿಂದ, ವಾಪಸ್ ತುಂಬಿಸುವ ಭಾಗ ಇನ್ನೊಂದರಿಂದ ಬರುವ ಸಾಧ್ಯತೆ ಇದ್ದೇ ಇದೆ. ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಒಂದೂ ತಪ್ಪಿಲ್ಲ. ಆದರೆ ಸಾದಾ ಪಠ್ಯದ ಡಂಪ್ ಕೊಟ್ಟರೆ ಪಿಜಿ-ರಿಸ್ಟೋರ್ ಒಪ್ಪುವುದಿಲ್ಲ, ಪಿಎಸ್‌ಕ್ಯುಎಲ್ ಬಳಸಿ ಅಂತ ವಾಪಸ್ ಕಳಿಸುತ್ತದೆ. ಇದು ಗೊತ್ತಾಗುವುದು ಯಾವಾಗ? ಬ್ಯಾಕಪ್ ವಾಪಸ್ ಬೇಕಾದ ರಾತ್ರಿ. ಮೈಎಸ್‌ಕ್ಯುಎಲ್ ಒಂದು, ಪೋಸ್ಟ್‌ಗ್ರೆಸ್ ಒಂದು ಅಂತ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಎಐ ಹಿಡಿದುಬಿಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಬಾಳಿ ಬದುಕಿದ ದಾಖಲೆಗಳಲ್ಲಿ ವ್ಯತ್ಯಾಸ ಅಷ್ಟು ದಪ್ಪಗೆ ಇರುವುದಿಲ್ಲ ಅನ್ನುವುದೇ ಕಷ್ಟ.

ಹಾಗಾಗಿ ‘ಸೇರಿಸು’ ಅನ್ನುವ ಅಪ್ಪಣೆಯನ್ನೇ ನಾನು ಕೊಡುವುದಿಲ್ಲ. ಕೇಳುವುದು ಬೇರೆ: ಈ ಎರಡು ಪುಟ ಎಲ್ಲೆಲ್ಲಿ ಒಂದಕ್ಕೊಂದು ವಿರುದ್ಧ ಮಾತಾಡುತ್ತವೆ? ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಹೆಜ್ಜೆ ಯಾವುದು? ಪ್ರತಿ ಮಾತಿಗೂ ಮೂಲದ ಸಾಲನ್ನು ಹಾಗೇ ಎತ್ತಿ ತೋರಿಸು. ಈ ಕೆಲಸದಲ್ಲಿ ಎಐಗೆ ಸಾಟಿ ಇಲ್ಲ. ನೂರಾರು ಪುಟಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡುವ ತಾಳ್ಮೆ ಯಾವ ಮನುಷ್ಯನಿಗೂ ಇರುವುದಿಲ್ಲ. ಉತ್ತರ ಬಂದ ಮೇಲೆ ತೀರ್ಮಾನ ಮಾಡುವುದು ಆ ಸಿಸ್ಟಮ್ ನಡೆಸುವವರು.

ಇನ್ನೂ ಒಂದು ಒಳ್ಳೆಯ ಬಳಕೆ ಇದೆ, ಯಾಕೋ ಜಾಸ್ತಿ ಜನ ಮಾಡುವುದಿಲ್ಲ. ಹಳೇ ಪುಟಗಳಲ್ಲಿ ಬರುವ ಎಲ್ಲ ಸೆಟ್ಟಿಂಗ್ ಹೆಸರು, ಕಮ್ಯಾಂಡ್, ಫೈಲ್ ದಾರಿ, ಎರರ್ ಸಂದೇಶಗಳನ್ನು ಎಐ ಕೈಲಿ ಹೆಕ್ಕಿಸುವುದು. ಆ ಪಟ್ಟಿಯನ್ನು ಈಗಿನ ಕೋಡ್‌ನಲ್ಲಿ ಹುಡುಕುವುದು. ಹುಡುಕುವುದಕ್ಕೆ ಎಐ ಬೇಡ, ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್ ಕಮ್ಯಾಂಡ್ ಸಾಕು. ಒಂದು ಪುಟದಲ್ಲಿ ಹೇಳಿದ ಎಂಟು ಸೆಟ್ಟಿಂಗ್‌ಗಳಲ್ಲಿ ಏಳು ಕೋಡ್‌ನಲ್ಲೇ ಇಲ್ಲ ಅಂತಾದರೆ ಆ ಪುಟವನ್ನು ಹೊತ್ತುಕೊಂಡು ಹೋಗುವ ಅಗತ್ಯವೇನು? ಪುಟ ಬದುಕಿದೆಯಾ ಸತ್ತಿದೆಯಾ ಅನ್ನುವುದಕ್ಕೆ ಇದು ಅಭಿಪ್ರಾಯ ಅಲ್ಲ, ಸಾಕ್ಷಿ.

ಕೆಲವರು ಇದಕ್ಕೆ ಓದುಗರ ಸಂಖ್ಯೆ ನೋಡುತ್ತಾರೆ. ವರ್ಷವಿಡೀ ಯಾರೂ ತೆರೆಯದ ಪುಟ ಬೇಡ ಅಂತ. ಅರ್ಧ ಒಪ್ಪುತ್ತೇನೆ. ಆದರೆ ಇಡೀ ಡೇಟಾ ಸೆಂಟರ್ ಮಲಗಿದರೆ ಏನು ಮಾಡಬೇಕು ಅನ್ನುವ ಪುಟವನ್ನೂ ವರ್ಷವಿಡೀ ಯಾರೂ ತೆರೆದಿರುವುದಿಲ್ಲ. ತೆರೆಯದೇ ಇರಲಿ ಅಂತಲೇ ಎಲ್ಲರ ಆಸೆ.

ಸಾಕ್ಷಿ ಸಿಗದ ಕಡೆ ಜನರನ್ನೇ ಕೇಳಬೇಕು. ಸರ್ವರ್ ಬದಲಿಸುವ ಒಂದು ಹಳೇ ಪುಟದಲ್ಲಿ ‘ಇಲ್ಲಿ 10 ನಿಮಿಷ ಕಾಯಿರಿ’ ಅಂತ ಇತ್ತು. ಕಾರಣ ಇಲ್ಲ. ಎಐ ಅದನ್ನು ‘ಸ್ವಲ್ಪ ಸಮಯ ಕಾಯಿರಿ’ ಅಂತ ನಯ ಮಾಡಿತ್ತು. ಆಪರೇಶನ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ.

“ಮೇಡಂ, ಈ 10 ನಿಮಿಷ ಯಾಕೆ?”

“ಅದಾ? ಆಗ ಡಿಎನ್‌ಎಸ್‌ನ ಟಿಟಿಎಲ್ 600 ಸೆಕೆಂಡ್ ಇಟ್ಟಿದ್ವಿ. ಹಳೇ ವಿಳಾಸ ಹಿಡ್ಕೊಂಡಿರೋರೆಲ್ಲ ಬಿಡಬೇಕಲ್ಲ, ಅಲ್ಲೀತನಕ ಕಾಯ್ಬೇಕಿತ್ತು. ಈಗ ಎಷ್ಟಿದೆ ಅಂತ ನೋಡ್ಕೊಳಿ, ಅದರ ಮೇಲೆ ಬರೀರಿ.”

ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ಸರ್ವರ್‌ನ ವಿಳಾಸ ಹೇಳುವ ವ್ಯವಸ್ಥೆ; ಆ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವುದೇ ಟಿಟಿಎಲ್. 600 ಸೆಕೆಂಡ್ ಅಂದರೆ ಸರಿಯಾಗಿ 10 ನಿಮಿಷ. ಟಿಟಿಎಲ್ ಬದಲಾದರೆ ಕಾಯುವ ಹೊತ್ತೂ ಬದಲಾಗಬೇಕು. ಹೊಸ ಪುಟದಲ್ಲಿ ಈಗ ನಿಮಿಷದ ಲೆಕ್ಕ ಇಲ್ಲ, ಟಿಟಿಎಲ್ ಎಲ್ಲಿ ನೋಡಬೇಕು, ಅಷ್ಟು ಹೊತ್ತು ಯಾಕೆ ಕಾಯಬೇಕು ಅಂತ ಇದೆ. ‘ಸ್ವಲ್ಪ ಸಮಯ’ ಅಂತಲೇ ಉಳಿದಿದ್ದರೆ ಆ ಫೋನ್ ಮಾಡಬೇಕು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಒರಟಾದ ಆ ‘10’ ಇದ್ದದ್ದಕ್ಕೇ ಪ್ರಶ್ನೆ ಹುಟ್ಟಿದ್ದು.

ತಾರೀಖಿನ ವಿಷಯಕ್ಕೆ ಪರಿಹಾರ ಕಷ್ಟವೇನಲ್ಲ, ಮನಸ್ಸು ಮಾಡಬೇಕು ಅಷ್ಟೇ. ಹೊಸ ಜಾಗ ಗಿಟ್ (ಫೈಲುಗಳ ಬದಲಾವಣೆಯ ಚರಿತ್ರೆ ಇಡುವ ಸಲಕರಣೆ) ಮೇಲೆ ನಡೆಯುವುದಾದರೆ, ಬರೆದ ತಾರೀಖು ಮತ್ತು ಸೇರಿಸಿದ ತಾರೀಖು ಎರಡನ್ನೂ ಗಿಟ್ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಮೂಲದ ತಾರೀಖನ್ನೇ ಬರೆದ ತಾರೀಖಾಗಿ ಕೊಟ್ಟು ಸೇರಿಸಬಹುದು. ಬೇರೆ ಪ್ಲಾಟ್‌ಫಾರ್ಮ್ ಆದರೆ ಪುಟದ ತಲೆಯಲ್ಲೇ ಮೂರು ಸಾಲು: ಮೂಲ ಎಲ್ಲಿತ್ತು, ಕೊನೆಯ ಸಲ ತಿದ್ದಿದ್ದು ಯಾವಾಗ, ಈಗ ಪರಿಶೀಲಿಸಿದ್ದು ಯಾರು. ಮೂರನೆಯದು ಖಾಲಿ ಇದ್ದರೆ ಖಾಲಿಯಾಗಿಯೇ ಕಾಣಲಿ. ಪರಿಶೀಲನೆ ಆಗುವ ತನಕ ಭಾಷೆಯನ್ನು ನಯ ಮಾಡಲು ನಾನು ಬಿಡುವುದಿಲ್ಲ. ಫಾರ್ಮ್ಯಾಟ್ ಬದಲಾಗಲಿ, ಮಾತು ಹಾಗೇ ಇರಲಿ. ಒಬ್ಬರು ಓದಿ ‘ಇದು ಸರಿ’ ಅಂದ ಮೇಲೆ ಎಐ ಎಷ್ಟು ಬೇಕಾದರೂ ತಿದ್ದಿ ತೀಡಲಿ. ಈ ಕ್ರಮ ಹೇಳಿದರೆ ಮ್ಯಾನೇಜರುಗಳಿಗೆ ಇಷ್ಟವಾಗುವುದಿಲ್ಲ, ಯಾಕೆಂದರೆ ಹೊಸ ತಾಣ ಬಹಳ ದಿನ ಹಳೇದರ ಹಾಗೇ ಕಾಣುತ್ತದೆ. ಕಾಣಲಿ ಬಿಡಿ.

ಇನ್ನು ಕೆಲವನ್ನು ಸಾಗಿಸಲೇಬಾರದು. ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ) ವಿವರಗಳು, ಅವನ್ನು ಯಂತ್ರ ಓದುವ ಹಾಗೆ ಬರೆದಿಡುವ ಓಪನ್‌ಎಪಿಐ ಫೈಲಿನಿಂದಲೋ ಕೋಡ್‌ನಿಂದಲೋ ತಾವಾಗಿ ತಯಾರಾಗುವಂತಿದ್ದರೆ, ಯಾರೋ ಕೈಯಲ್ಲಿ ಬರೆದ ಹಳೇ ಪಟ್ಟಿಯನ್ನು ಹೊತ್ತು ತರುವುದು ಸುಮ್ನೆ ಎರಡು ಸತ್ಯಗಳನ್ನು ಸಾಕಿದ ಹಾಗೆ. ಹಳೇ ಬಿಡುಗಡೆ ಟಿಪ್ಪಣಿಗಳನ್ನು ಮಾತ್ರ ಒಂದಕ್ಷರವೂ ಮುಟ್ಟದೆ ಇಡಬೇಕು. ಅವು ಆಗ ಏನಾಯಿತು ಅನ್ನುವ ದಾಖಲೆ, ಅದಕ್ಕೆ ಹೊಸ ಶೈಲಿ ಬೇಡ.

ಗುಟ್ಟಿನ ವಿಷಯ ಚುಟುಕಾಗಿ ಹೇಳುತ್ತೇನೆ. ಹಳೇ ಪುಟಗಳಲ್ಲಿ ಪಾಸ್‌ವರ್ಡ್‌ಗಳು ಇದ್ದೇ ಇರುತ್ತವೆ. ಹೊರಗಿನ ಎಐ ಸೇವೆಗೆ ಕಳಿಸುವ ಮುಂಚೆ ಗಿಟ್‌ಲೀಕ್ಸ್‌ನಂಥ ಸಲಕರಣೆಯಿಂದ ಜಾಲಾಡಿ, ಸಿಕ್ಕಿದ್ದನ್ನು ಅಳಿಸಿ, ಆ ಪಾಸ್‌ವರ್ಡನ್ನೂ ಬದಲಿಸಿ. ಯಾರು ಏನು ನೋಡಬಹುದು ಅನ್ನುವ ಅನುಮತಿಗಳೂ ಹಳೇ ಜಾಗಗಳಲ್ಲಿ ಬೇರೆ ಬೇರೆ ಇದ್ದವು. ಒಂದೇ ಕಡೆ ಸೇರಿಸಿದಾಗ ಆ ಗೋಡೆಗಳು ಬಿದ್ದಿರುತ್ತವೆ, ಹುಡುಕಾಟದಲ್ಲಿ ಸಂಬಂಧವಿಲ್ಲದವರಿಗೂ ಸಂಬಳದ ಶೀಟ್ ಕಾಣಬಹುದು.

ಎಲ್ಲ ಮುಗಿದ ಮೇಲೆ ಈಚೆಗೆ ಇನ್ನೊಂದು ಆಸೆ ಬರುತ್ತದೆ. ದಾಖಲೆಗಳೆಲ್ಲ ಒಂದೇ ಕಡೆ ಇವೆಯಲ್ಲ, ಅದರ ಮೇಲೆ ಪ್ರಶ್ನೆಗೆ ಉತ್ತರ ಕೊಡುವ ಎಐ ಸಹಾಯಕ ಕೂರಿಸೋಣ ಅಂತ. ಇಂಥವು ಪುಟಗಳನ್ನು ತುಂಡು ಮಾಡಿ, ಪ್ರಶ್ನೆಗೆ ಅರ್ಥದಲ್ಲಿ ಹತ್ತಿರ ಇರುವ ತುಂಡುಗಳನ್ನು ಎತ್ತಿಕೊಂಡು ಉತ್ತರ ಕಟ್ಟುತ್ತವೆ. ಆವೃತ್ತಿ 3ರ ಪುಟ, ಆವೃತ್ತಿ 4ರ ಪುಟ ಅರ್ಥದಲ್ಲಿ ಹೆಚ್ಚುಕಡಿಮೆ ಅವಳಿಗಳು. ಬದಲಾದದ್ದು ಒಂದು ಸಂಖ್ಯೆ ಅಷ್ಟೇ ಇರಬಹುದು. ಎರಡೂ ಮೇಲೆ ಬರುತ್ತವೆ. ಆಗ ತೂಗಿ ನೋಡಲು ಸಹಾಯಕನ ಬಳಿ ಏನಿದೆ? ತಾರೀಖು ಒಂದೇ, ಧಾಟಿ ಒಂದೇ. ಆವೃತ್ತಿ, ಪರಿಶೀಲನೆ, ಮೂಲದ ತಾರೀಖುಗಳನ್ನು ಬೇರೆ ಮಾಹಿತಿಯಾಗಿ ಅಂಟಿಸಿಟ್ಟವರಿಗೆ ಮಾತ್ರ, ಹುಡುಕುವ ಮುಂಚೆಯೇ ಹಳೆಯದನ್ನು ಸೋಸಿ ಆಚೆ ಇಡಲು ಸಾಧ್ಯ. ಇಲ್ಲದಿದ್ದರೆ ಮನುಷ್ಯರಿಗೆ ಅಳಿಸಿದ ಗುರುತು ಯಂತ್ರಕ್ಕೂ ಅಳಿಸಿದ್ದೇ.

ಕೊನೆಯದಾಗಿ ಲಿಂಕ್‌ಗಳು. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಿಳಾಸ ಬದಲಿಸಬೇಡಿ ಅಂತ ಒಂದು ಬರಹವನ್ನೇ ಬರೆದರು, ಯಾರೂ ಕೇಳಲಿಲ್ಲ. ಹಳೇ ವಿಳಾಸಗಳು ಪ್ರೋಗ್ರಾಂನ ಎರರ್ ಸಂದೇಶಗಳಲ್ಲಿವೆ, ಗ್ರಾಹಕರಿಗೆ ಕಳಿಸಿದ ಮೇಲ್‌ಗಳಲ್ಲಿವೆ. ಒಂದೊಂದು ಹಳೇ ಪುಟಕ್ಕೂ ಅದಕ್ಕೆ ಹೊಂದುವ ಹೊಸ ಪುಟಕ್ಕೆ 301 ಕೊಡಬೇಕು, ಅಂದರೆ ಇದು ಶಾಶ್ವತವಾಗಿ ಅಲ್ಲಿಗೆ ಹೋಗಿದೆ ಅನ್ನುವ ಸಂಕೇತ. ಜೋಡಿ ಯಾವುದು ಅಂತ ಎಐ ಸೂಚಿಸಲಿ, ನೋಡಿ ಒಪ್ಪುವವರು ಬೇರೆ ಇರಲಿ. ಬೇಕಂತಲೇ ಬಿಟ್ಟ ಪುಟಕ್ಕೆ 410 ಕೊಡಿ, ಅಂದರೆ ಇದು ಹೋಯಿತು, ಮತ್ತೆ ಬರುವುದಿಲ್ಲ ಅಂತ. ಗೊತ್ತಿಲ್ಲದ್ದನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ಸೋಮಾರಿತನ ಮಾತ್ರ ಬೇಡ. ಓದುವವರಿಗೆ ಸಿಟ್ಟು ಬರುತ್ತದೆ, ಹುಡುಕು ತಾಣಗಳೂ ಅದನ್ನು ಇಲ್ಲದ ಪುಟ ಅಂತಲೇ ಎಣಿಸುತ್ತವೆ. ಹಳೇ ಜಾಗವನ್ನು ಒಡನೆ ಮುಚ್ಚದೆ, ಓದಲು ಮಾತ್ರ ಬಿಟ್ಟು, ಕೆಲವು ತಿಂಗಳು ಅದರ ಲಾಗ್ ನೋಡುತ್ತಿರಿ. ಯಾವ ವಿಳಾಸಕ್ಕೆ ಇನ್ನೂ ಜನ ಬರುತ್ತಿದ್ದಾರೆ, ಯಾವುದು 404 (ಪುಟ ಸಿಗಲಿಲ್ಲ) ಆಗುತ್ತಿದೆ ಅಂತ ಅಲ್ಲಿ ಸಿಗುತ್ತದೆ. ಮುಂದಿನ ವಾರ ಯಾವ ಪುಟ ಪರಿಶೀಲನೆಗೆ ಎತ್ತಿಕೊಳ್ಳಬೇಕು ಅನ್ನುವುದನ್ನು ನಾನು ಆ ಲಾಗ್ ನೋಡಿಯೇ ಗೊತ್ತು ಮಾಡುತ್ತೇನೆ.